ಮುಳ್ಳಲ್ಲ, ಕೊಂಬಿನ ಕೀಟ

ಕುಷ್ಟಗಿ, ಯಲಬುರ್ಗಾ ಕಡೆ ಹೊಲದ ಬದುವಿನಲ್ಲಿ ಜಾಲಿಗಿಡಕ್ಕೆ ಬರವಿಲ್ಲ. ಅದರ ಎಳೆಯ ಟೊಂಗೆಯನ್ನು ಹತ್ತಿರದಿಂದ ನೋಡಿ. ಕಂದು ಬಣ್ಣದ 'ಮುಳ್ಳು'ಗಳ ಸುತ್ತ ಇರುವೆಗಳು ಓಡಾಡುತ್ತಿದ್ದರೆ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಮುಳ್ಳು ಟೊಂಗೆಯ ಮರೆಗೆ ಸರಿಯಿತೇ? ಚಂಗನೆ ಜಿಗಿಯಿತೇ? ಹಾಗಾದರೆ ಅದು ಕೊಂಬಿನ ಕೀಟ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ 'ಕೌ ಬಗ್' ಎಂಬ ಹೆಸರಿದೆ.

ಈ ಕೊಂಬು ತಲೆಯ ಮೇಲೆ ಹುಟ್ಟಿದ್ದಲ್ಲ. ತಲೆಯ ಹಿಂದಿರುವ ಎದೆಭಾಗದ ಮೇಲ್ಚಿಪ್ಪೇ ಬೆಳೆದು ಕೊಂಬಾಗುತ್ತದೆ. ಹಿಂದಕ್ಕೂ ಚಾಚಿ ಮೊನೆಯಾಗುತ್ತದೆ. ಮೆಂಬ್ರಾಸಿಡೇ ಕುಟುಂಬದ ಗುರುತೇ ಈ ಚಿಪ್ಪು. ಜಗತ್ತಿನಲ್ಲಿ ಇವುಗಳ 3,000ಕ್ಕೂ ಹೆಚ್ಚು ಜಾತಿಗಳಿವೆ. ಗಿಡದ ರಸ ಹೀರಿ, ಸಿಹಿ ಅಂಟನ್ನು ಹೊರಹಾಕುತ್ತವೆ. ಇರುವೆಗಳು ಬರುವುದು ಆ ಸಿಹಿಗಾಗಿ.

ಕುಟುಂಬ ಗೊತ್ತಾದರೆ ಜಾತಿ ಗೊತ್ತಾದಂತಲ್ಲ. ಜಾಲಿ, ತೊಗರಿಗಳ ಮೇಲೆ 'ಆಕ್ಸಿರಾಕಿಸ್ ಟರಾಂಡಸ್' ಸಿಗುತ್ತದೆ. ಟರಾಂಡಸ್ ಎಂದರೆ ಹಿಮಸಾರಂಗ! ತೊಗರಿಯ ಮೇಲೆಯೇ 'ಒಟಿನೋಟಸ್ ಒನೆರೇಟಸ್' ಕೂಡ ಇರುತ್ತದೆ. ಎರಡಕ್ಕೂ ಕೊಂಬುಂಟು.

ಕೊಂಬೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಓಕ್ ಮರಗಳಲ್ಲಿ ಒಳ್ಳೆಯ ಉದಾಹರಣೆಯಿದೆ. ಅಲ್ಲಿನ 'ಪ್ಲಾಟಿಕೋಟಿಸ್ ವಿಟೇಟಾ' ಕೀಟಗಳಲ್ಲಿ ಕೆಲವಕ್ಕೆ ಮುಂದಕ್ಕೆ ಚಾಚಿದ ಕೊಂಬು, ಕೆಲವಕ್ಕೆ ಕೊಂಬೇ ಇಲ್ಲ. ಕೆಲವಕ್ಕೆ ಕೆಂಪು ಪಟ್ಟೆ, ಕೆಲವಕ್ಕೆ ಬರೀ ಚುಕ್ಕೆ. ಆದರೂ ಎಲ್ಲವೂ ಒಂದೇ ಜಾತಿ!

ಆದ್ದರಿಂದ ವಿದ್ಯಾರ್ಥಿಗಳೇ, ಹೆಸರಿಡುವ ಮೊದಲು ಇಷ್ಟನ್ನು ಬರೆದುಕೊಳ್ಳಿ: ಯಾವ ಗಿಡ? ರೆಕ್ಕೆ ಬಂದ ಕೀಟವೇ, ಮರಿಯೇ? ಮರಿಗಳಲ್ಲಿ ಚಿಪ್ಪು ಪೂರ್ತಿ ಬೆಳೆದಿರುವುದಿಲ್ಲ. ಕೊಂಬು ಯಾವ ದಿಕ್ಕಿಗಿದೆ? ಹಿಂದಿನ ಮೊನೆ ಎಲ್ಲಿಯವರೆಗೆ ಬಂದಿದೆ? ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬರೆಯಿರಿ.

ಪಾಲಕರಿಗೂ ಒಂದು ಮಾತು. ಗಂಗಾವತಿಯ ಭತ್ತದ ಗದ್ದೆಗೆ ಬರುವ ಕಂದು ಜಿಗಿಹುಳು ಬೇರೆ. ಅದಕ್ಕೆ ಕೊಂಬಿಲ್ಲ, ಪೈರಿನ ಬುಡದಲ್ಲಿ ಸೇರಿ ಬೆಳೆಯನ್ನೇ ಸುಟ್ಟಂತೆ ಮಾಡುತ್ತದೆ. ಕೊಂಬಿನ ಕೀಟದಿಂದ ತೊಗರಿಗೆ ಸಾಮಾನ್ಯವಾಗಿ ದೊಡ್ಡ ನಷ್ಟವಿಲ್ಲ. ಎರಡೂ ಜಿಗಿಯುತ್ತವೆ ಎಂದು ಎರಡಕ್ಕೂ ಎಣ್ಣೆ ಹೊಡೆದರೆ ದುಡ್ಡು ಹೋಗುತ್ತದೆ. ಬೆಳೆ ಕಾಯುವ ಜೇಡ, ಗುಲಗಂಜಿ ಹುಳುಗಳೂ ಸಾಯುತ್ತವೆ. ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಮಗ ಅಥವಾ ಮಗಳ ನೋಟ್‌ಬುಕ್ಕಿನ ಆ ಚಿತ್ರವನ್ನು ಕೃಷಿ ಅಧಿಕಾರಿಗೆ ಒಮ್ಮೆ ತೋರಿಸಿ.