ಶಾಲೆಗೆ ಪರದೆ ಬಂದು ಐವತ್ತು ವರ್ಷ

1975ರ ಆಗಸ್ಟ್ 1ರಂದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಶುರುವಾಯಿತು. ಆಗಿನ್ನೂ ಬೆಂಗಳೂರಿಗೆ ದೂರದರ್ಶನ ಬಂದಿರಲಿಲ್ಲ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ 2,400 ಹಳ್ಳಿಗಳು, ನಾಲ್ಕು ಭಾಷೆಗಳು, ಅವುಗಳಲ್ಲಿ ಕನ್ನಡವೂ ಒಂದು. ಕೋಳಿಗೂಡಿಗೆ ಹಾಕುವ ತಂತಿಬಲೆಯಲ್ಲಿ ಮಾಡಿದ ಹತ್ತು ಅಡಿ ಅಗಲದ ಆಂಟೆನಾ, ಅದಕ್ಕೊಂದು ಟಿ.ವಿ. ಪೆಟ್ಟಿಗೆ. ಸಂಜೆ ಊರವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ. ರಾಜ್ಯದ ಅತ್ಯಂತ ಹಿಂದುಳಿದ ಜಿಲ್ಲೆಗಳ ಮಕ್ಕಳು ಆ ವರ್ಷ ರಾಜಧಾನಿಯ ಮಕ್ಕಳಿಗಿಂತ ಮೊದಲು ಪರದೆಯ ಮುಂದೆ ಕೂತರು. ಈ ಸಂಗತಿಯನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಆಮೇಲಿನ ಐವತ್ತು ವರ್ಷಗಳಲ್ಲಿ ಹೊಸ ಸೌಲಭ್ಯವೊಂದು ಇಷ್ಟು ನೇರವಾಗಿ ಮೊದಲು ಅವರ ಬಾಗಿಲಿಗೇ ಹೋದ ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ.

ಆದರೆ ಆ ಪಾಠಕ್ಕೆ ಒಂದು ಮಿತಿ ಇತ್ತು. ಅದನ್ನು ನಿಲ್ಲಿಸುವಂತಿರಲಿಲ್ಲ. ಹಿಂದಿನ ಸಾಲಿನ ಹುಡುಗಿಗೆ ಅರ್ಥವಾಗಲಿಲ್ಲ ಎಂದು ಮೇಷ್ಟ್ರಿಗೆ ಅವಳ ಮುಖ ನೋಡಿಯೇ ಗೊತ್ತಾಗುತ್ತದೆ. ಗೊತ್ತಾದರೂ ಅವರು ಮಾಡುವುದೇನು? ಪಾಠ ಆಕಾಶದಿಂದ ಬರುತ್ತಿದೆ, ತನ್ನ ಪಾಡಿಗೆ ಮುಂದೆ ಹೋಗುತ್ತಿದೆ. ತರಗತಿಗೆ ಬಂದ ತಂತ್ರಜ್ಞಾನವನ್ನು ಅಳೆಯಲು ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಮಗುವಿಗೆ ತಿಳಿಯದಿದ್ದಾಗ ಪಾಠವನ್ನು ಅಲ್ಲಿಯೇ ತಡೆದು, ಹಿಂದಕ್ಕೆ ಕರೆದೊಯ್ದು, ಬೇರೆ ರೀತಿ ಹೇಳಲು ಶಿಕ್ಷಕರಿಗೆ ಅದರಲ್ಲಿ ಎಡೆ ಇದೆಯೇ?

ಈ ಪ್ರಶ್ನೆಯ ಮುಂದೆ ಬಹಳಷ್ಟು ಯೋಜನೆಗಳು ನಿಲ್ಲುವುದಿಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ನಮ್ಮ ರಾಜ್ಯದಲ್ಲಿ ಮೊದಲು ಮುಟ್ಟಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳನ್ನು ಮತ್ತು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು. 2010ರಲ್ಲಿ ಉಪಗ್ರಹದ ಆಯುಷ್ಯ ಮುಗಿಯಿತು. ಎಜುಸ್ಯಾಟ್‌ಗೂ ಮುಂಚೆ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿಗಳು ಬಂದಿದ್ದವು. ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ, ಅವರೇ ನೇಮಿಸಿದ ಬೋಧಕರು, ಅವರದೇ ಪಠ್ಯ. ಗಣಿತದ ಮೇಷ್ಟ್ರಿಗೂ ಆ ಕೊಠಡಿಗೂ ಸಂಬಂಧವೇ ಇರಲಿಲ್ಲ. ಗುತ್ತಿಗೆ ಮುಗಿದಾಗ ಬೋಧಕರು ಹೋದರು, ಯುಪಿಎಸ್ ಬ್ಯಾಟರಿ ಸತ್ತಿತು, ಮಾನಿಟರುಗಳ ಮೇಲೆ ಬಟ್ಟೆ ಹೊದಿಸಿ ಬೀಗ ಹಾಕಿದರು. ಕೆಟ್ಟರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯದಲ್ಲಿ ಬೀಗ ತೆಗೆಯದ ಮುಖ್ಯೋಪಾಧ್ಯಾಯರನ್ನು ದೂರುವುದು ಸುಲಭ. ದಾಸ್ತಾನು ಪುಸ್ತಕದಲ್ಲಿ ಸಹಿ ಇರುವುದು ಅವರದು, ರಿಪೇರಿಗೆ ಹಣ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಇದರ ನಡುವೆ, ಹೆಚ್ಚು ಸದ್ದಿಲ್ಲದೆ, ಬೇರೊಂದು ಕೆಲಸ ನಡೆಯಿತು. ಕಳೆದ ದಶಕದ ಆರಂಭದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳನ್ನು ಕಟ್ಟಿತು. ಶಿಕ್ಷಕರು ಉಬುಂಟು ಎಂಬ ಮುಕ್ತ ತಂತ್ರಾಂಶ ಕಲಿತರು, ಕನ್ನಡ ಟೈಪಿಂಗ್ ಕಲಿತರು, ತಮ್ಮ ಪಾಠಗಳಿಗೆ ಬೇಕಾದ ಸಾಮಗ್ರಿಯನ್ನು ತಾವೇ ತಯಾರಿಸಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣಕ್ಕೆ ಸೇರಿಸಿದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಬೆಳೆಸಬಹುದು. ಐವತ್ತು ವರ್ಷಗಳಲ್ಲಿ ನಮ್ಮ ರಾಜ್ಯ ಈ ಕ್ಷೇತ್ರದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಇದು ಎಂದು ನಾವು ನಂಬುತ್ತೇವೆ. ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಉದ್ಘಾಟನೆ ಮಾಡಲು ಅಲ್ಲಿ ಕಟ್ಟಡವೂ ಇರಲಿಲ್ಲ, ಯಂತ್ರವೂ ಇರಲಿಲ್ಲ.

ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶವನ್ನು ಗಣಿತ ಶಿಕ್ಷಕರು ಹೇಗೆ ಬಳಸುತ್ತಾರೆ ನೋಡಿ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬ ಪ್ರಮೇಯವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಸಿಗುವುದು ಒಂದು ಚಿತ್ರ. ಪರದೆಯ ಮೇಲಾದರೆ ಪರಿಧಿಯ ಮೇಲಿನ ಬಿಂದುವನ್ನು ಮೌಸ್‌ನಲ್ಲಿ ಹಿಡಿದು ಎಳೆಯಬಹುದು. ಎಡಕ್ಕೆ ಎಳೆದರೂ 90 ಡಿಗ್ರಿ, ಬಲಕ್ಕೆ ಎಳೆದರೂ 90 ಡಿಗ್ರಿ. ತ್ರಿಭುಜ ಒಮ್ಮೆ ಎತ್ತರವಾಗುತ್ತದೆ, ಒಮ್ಮೆ ಚಪ್ಪಟೆಯಾಗುತ್ತದೆ, ಆ ಕೋನ ಮಾತ್ರ ಕದಲುವುದಿಲ್ಲ. ಮಕ್ಕಳು ಸುಮ್ಮನಿರುವುದಿಲ್ಲ: “ಸಾರ್, ಇನ್ನೂ ಎಳೀರಿ, ತುದಿಗೆ ಹೋಗ್ಲಿ.” ಬಿಂದು ವ್ಯಾಸದ ತುದಿಯನ್ನೇ ಮುಟ್ಟಿದಾಗ ತ್ರಿಭುಜ ಮಾಯವಾಗುತ್ತದೆ, ಕೋನವೂ ಹೋಗುತ್ತದೆ. ಈಗ ಅಲ್ಲಿ ಎಷ್ಟು ಡಿಗ್ರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಠ್ಯಪುಸ್ತಕದಲ್ಲಿ ಇಲ್ಲದ ಆ ಪ್ರಶ್ನೆಯ ಮುಂದೆ ಮೇಷ್ಟ್ರು ಮೌಸ್ ಬಿಟ್ಟು ನಿಂತು ಮಾತಾಡಬೇಕಾಗುತ್ತದೆ. ತಂತ್ರಜ್ಞಾನದಿಂದ ಕಲಿಕೆ ಬದಲಾಯಿತು ಎಂದರೆ ನಮ್ಮ ಅರ್ಥದಲ್ಲಿ ಇದು. ಇದಕ್ಕೆ ಬೇಕಾಗಿದ್ದು ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಮತ್ತು ತಯಾರಾಗಿ ಬಂದ ಒಬ್ಬ ಶಿಕ್ಷಕ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಶಾಲೆಗಳಿಗೆ ಬೀಗ ಬಿತ್ತು. ಮುಂದೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು, ಖಾಸಗಿ ಶಾಲೆಗಳು ಆನ್‌ಲೈನ್ ತರಗತಿಗೆ ಇಳಿದವು. ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ, ಮಗಳು ಮೊಬೈಲ್ ಮುಂದೆ ಕೂತು ಪಾಠ ಕೇಳುತ್ತಿದ್ದಾಳೆ. ಆ ಚಿತ್ರವನ್ನು ದೇಶವೇ ನೋಡಿತು. ಅದನ್ನು ಛಲದ ಕಥೆಯಾಗಿ ಹೊಗಳಿದವರೇ ಹೆಚ್ಚು. ನಮಗೆ ಅದರಲ್ಲಿ ಕಂಡದ್ದು ವ್ಯವಸ್ಥೆಯ ಸೋಲು.

ನಷ್ಟ ಎಷ್ಟೆಂಬುದನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ತೋರಿಸಿತು. ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ 82ರಷ್ಟು ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಕೌಶಲವನ್ನು ಮರೆತಿದ್ದರು. ಹೊಸದನ್ನು ಕಲಿಯದಿರುವುದು ಒಂದು ಕಡೆ, ಕಲಿತದ್ದೇ ಕೈಬಿಟ್ಟುಹೋಗಿತ್ತು. ಆ ದಿನಗಳಲ್ಲಿ ಹಳ್ಳಿಯ ಮಕ್ಕಳಿಗೆ ನಿಜವಾಗಿ ಆಸರೆಯಾದದ್ದು 2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’. ಶಿಕ್ಷಕರೇ ಊರಿಗೆ ಹೋಗಿ ಗುಡಿಯ ಕಟ್ಟೆಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಮೊಬೈಲ್ ಇದ್ದ ಮಗುವಿಗೆ ಮೊಬೈಲ್‌ನಲ್ಲಿ, ಇಲ್ಲದ ಮಗುವಿಗೆ ಮುಖಾಮುಖಿ. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ತಪ್ಪು ಎನ್ನಲಾಗದು, ಪ್ರಾಣಭಯ ನಿಜವಾಗಿತ್ತು. ಆದರೆ ಮಗುವಿಗೆ ತಕ್ಕಂತೆ ಪಾಠ ಬದಲಿಸುವ ಆ ಕ್ರಮವನ್ನು ಶಾಲೆ ತೆರೆದ ಮೇಲೂ ಉಳಿಸಿಕೊಳ್ಳಬೇಕಿತ್ತು. 2022–23ರ ‘ಕಲಿಕಾ ಚೇತರಿಕೆ’ ವರ್ಷದಲ್ಲಿ ಅದರ ಒಂದಿಷ್ಟು ನೆರಳು ಕಂಡಿತು, ಅಷ್ಟೆ.

ನಿಗಾ ಇಡುವ ವಿಷಯದಲ್ಲಿ ಮಾತ್ರ ನಮ್ಮ ಇಲಾಖೆಯ ವೇಗವೇ ಬೇರೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ, ಕೊಠಡಿಗಳನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ನಕಲು ತಡೆದದ್ದನ್ನು ನಾವು ಸ್ವಾಗತಿಸಿದ್ದೇವೆ, ಈಗಲೂ ಸ್ವಾಗತಿಸುತ್ತೇವೆ. ಕ್ಯಾಮೆರಾ ತೋರಿಸಿದ್ದು ನಾವು ವರ್ಷಗಳಿಂದ ಮುಚ್ಚಿಟ್ಟುಕೊಂಡಿದ್ದ ಸತ್ಯವನ್ನೇ. ಆದರೆ ಪರೀಕ್ಷಾ ಕೊಠಡಿಗಳಿಗೆ ಒಂದೇ ವರ್ಷದಲ್ಲಿ ಕ್ಯಾಮೆರಾ, ಸಂಪರ್ಕ, ವಿದ್ಯುತ್ ಎಲ್ಲವನ್ನೂ ಒದಗಿಸಲು ಆಗುವುದಾದರೆ, ಅದೇ ಮಕ್ಕಳು ಮೂರು ವರ್ಷ ಕಲಿಯುವ ಕೊಠಡಿಗಳಿಗೆ ಯಾಕೆ ಆಗುವುದಿಲ್ಲ?

ಈಗ ಕೃತಕ ಬುದ್ಧಿಮತ್ತೆಯ ಸರದಿ. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ರೂಪಿಸಿದ ‘ಶಿಕ್ಷಾ ಕೋಪೈಲಟ್’ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಪಾಠಯೋಜನೆ ಬರೆದುಕೊಡುತ್ತದೆ, ಕನ್ನಡದಲ್ಲಿಯೂ. ಕರಡು ಅದರದು, ತಿದ್ದುವ ಕೈ ಶಿಕ್ಷಕರದು. ನಮ್ಮ ಪ್ರಶ್ನೆಗೆ ಇದು ಒಪ್ಪುವ ಉತ್ತರ ಕೊಡುತ್ತದೆ, ಆದ್ದರಿಂದ ಇದರ ಬಗ್ಗೆ ಆಸೆ ಇಟ್ಟುಕೊಳ್ಳಬಹುದು. ಮಕ್ಕಳ ಕೈಗೆ ನೇರವಾಗಿ ಬಂದಿರುವ ಚಾಟ್‌ಬಾಟ್‌ಗಳ ಮಾತು ಬೇರೆ. ಪ್ರಬಂಧವನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರ, ಬರೆಯುತ್ತ ಬರೆಯುತ್ತ ಯೋಚಿಸುವ ಅಭ್ಯಾಸವನ್ನೇ ಮಗುವಿನಿಂದ ಕಸಿದುಕೊಳ್ಳಬಲ್ಲದು. ಪ್ರೌಢಶಾಲೆಯ ಮಟ್ಟದಲ್ಲಿ ಮನೆಗೆಲಸದ ಬದಲು ತರಗತಿಯಲ್ಲಿಯೇ, ಕೈಯಿಂದ, ಶಿಕ್ಷಕರ ಕಣ್ಣೆದುರು ಬರೆಸುವುದು ಹೆಚ್ಚಬೇಕು.

ಇಷ್ಟೆಲ್ಲ ಆದಮೇಲೆ ಇಂದು ಸರ್ಕಾರಿ ಶಾಲೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಾಧನ ಯಾವುದು? ಶಿಕ್ಷಕರ ಸ್ವಂತ ಮೊಬೈಲ್, ಅವರದೇ ಡೇಟಾ. ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ‘ದೀಕ್ಷಾ’ ತಾಣದ ವಿಡಿಯೊ ತೋರಿಸುವುದು ಅದರಲ್ಲಿ. ಬೇಕಾದಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ಹೇಳಲು ಅಲ್ಲಿ ಅವಕಾಶವಿದೆ. 1975ರಲ್ಲಿ ಇಲ್ಲದ್ದು ಕೊನೆಗೂ ದಕ್ಕಿದೆ. ಆದರೆ ಅದೇ ಮೊಬೈಲ್‌ನಲ್ಲಿ ಹಾಜರಾತಿ ಕಳಿಸಬೇಕು, ಬಿಸಿಯೂಟದ ಸಂಖ್ಯೆ ಕಳಿಸಬೇಕು, ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಎಂಬ ಲೆಕ್ಕ ಕೊಡಬೇಕು, ವಿದ್ಯಾರ್ಥಿಗಳ ವಿವರವನ್ನು ಇಲಾಖೆಯ ದಾಖಲೆ ತಾಣವಾದ ಎಸ್‌ಎಟಿಎಸ್‌ಗೆ ಹಾಕಬೇಕು. ಸರ್ವರ್ ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಟೀಚರ್ ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದರೆ ಐದು ತರಗತಿಗಳ ಮಕ್ಕಳು ಅವರ ಮುಖ ನೋಡುತ್ತ ಕೂರುತ್ತಾರೆ. ಮುಂದಿನ ಬಜೆಟ್‌ನಲ್ಲಿ ಹೊಸ ಟ್ಯಾಬ್ಲೆಟ್‌ಗಳ ಘೋಷಣೆಗೆ ಮೊದಲು ಎರಡು ಕೆಲಸಗಳು ಆಗಲಿ: ಈ ಲೆಕ್ಕಪತ್ರದ ಹೊರೆಯನ್ನು ಕ್ಲಸ್ಟರ್‌ಗೊಬ್ಬ ಡೇಟಾ ಎಂಟ್ರಿ ಸಿಬ್ಬಂದಿಗೆ ವಹಿಸಲಿ, ಶಿಕ್ಷಕರು ಪಾಠಕ್ಕೆ ಬಳಸುವ ಡೇಟಾದ ಖರ್ಚನ್ನು ಸರ್ಕಾರ ಭರಿಸಲಿ.