ಮಾತು ಹಿಂದಿನ ಸಾಲಿಗೂ ಮುಟ್ಟಲಿ



ಶ್ರಾವಣ ಹತ್ತಿರ ಬಂತು. ನಮ್ಮ ಮಠಗಳಲ್ಲಿ ತಿಂಗಳ ಪ್ರವಚನಕ್ಕೆ ಸಿದ್ಧತೆ ಶುರುವಾಗಿದೆ. ಹಿಂದೆಲ್ಲ ಸಮಿತಿಯ ಸಭೆಗಳಲ್ಲಿ ಪೆಂಡಾಲು, ದಾಸೋಹ, ಪ್ರವಚನಕಾರರ ವಸತಿ ಇಷ್ಟೇ ಚರ್ಚೆ. ಈಗ ಎಲ್‌ಇಡಿ ಪರದೆ ಎಷ್ಟು ಅಡಿಯದು, ಕ್ಯಾಮೆರಾ ಎಷ್ಟು, ಡ್ರೋನ್ ಬೇಕೋ ಬೇಡವೋ, ಯೂಟ್ಯೂಬ್ ನೇರಪ್ರಸಾರ ಯಾರಿಗೆ ವಹಿಸುವುದು ಎಂಬುದೇ ಮೊದಲ ವಿಷಯವಾಗಿದೆ. ಭಕ್ತರ ಕಾಣಿಕೆಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿದೆ.

ಯಂತ್ರವೆಂದರೆ ಮಡಿವಂತಿಕೆ ತೋರುವುದು ನಮ್ಮ ಪರಂಪರೆಯಲ್ಲ. ಮನೆಮನೆಯ ತಾಳೆಗರಿ ಕಟ್ಟುಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು ಹುಡುಕಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಆಮೇಲೆ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿಕೊಂಡರು. ಆ ಕಾಲಕ್ಕೆ ಮುದ್ರಣಯಂತ್ರವೇ ಹೊಸ ತಂತ್ರಜ್ಞಾನ. ಆದರೆ ಹಳಕಟ್ಟಿಯವರಿಗೆ ಯಂತ್ರದ ಮೋಹವಿರಲಿಲ್ಲ. ವಚನ ಜನರ ಕೈಗೆ ಹೋಗಬೇಕಿತ್ತು, ಅದಕ್ಕೆ ಯಂತ್ರ ಬೇಕಾಯಿತು. ನಾವೂ ಅದೇ ಕ್ರಮದಲ್ಲಿ ಕೇಳಿಕೊಳ್ಳೋಣ. ನಮ್ಮ ಸಭೆಯಲ್ಲಿ ಜನರಿಗೆ ಮುಟ್ಟಬೇಕಾದದ್ದು ಏನು?

ಗುಡಿಯ ಧರ್ಮಕ್ಕೆ ಗರ್ಭಗುಡಿಯಿದೆ, ಅಲಂಕಾರವಿದೆ, ದೂರದವರಿಗೆ ತೋರಿಸಲು ದರ್ಶನವಿದೆ. ನಮ್ಮ ಇಷ್ಟಲಿಂಗ ಅವರವರ ಅಂಗೈಯಲ್ಲೇ ಇದೆ, ಅದನ್ನು ನೋಡಲು ಪರದೆ ಬೇಕಿಲ್ಲ. ನಮ್ಮಲ್ಲಿ ಮುಟ್ಟಬೇಕಾದದ್ದು ಮಾತು, ವಚನ, ಅದರ ಮೇಲಿನ ಅನುಭಾವ. ಹಾಗಿದ್ದ ಮೇಲೆ ಖರ್ಚಿನಲ್ಲಿ ಕಿವಿಗೆ ಮೊದಲ ಪಾಲು, ಕಣ್ಣಿಗೆ ಆಮೇಲೆ. ಆಗುತ್ತಿರುವುದು ತಿರುಗುಮುರುಗು.

ನಮ್ಮ ಹೆಚ್ಚಿನ ಅನುಭವ ಮಂಟಪಗಳು, ಸಭಾಭವನಗಳು ಆರ್‌ಸಿಸಿ ಛಾವಣಿ, ಗ್ರಾನೈಟ್ ನೆಲ, ನಯವಾದ ಗಿಲಾವಿನ ಗೋಡೆಗಳವು. ನೋಡಲು ಚೆಂದ, ಮಾತಿಗೆ ಶತ್ರು. 30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಭವನವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಖಾಲಿಯಿದ್ದಾಗ ಒಂದು ಶಬ್ದ ಪೂರ್ತಿ ಅಡಗಲು ಸುಮಾರು 10 ಸೆಕೆಂಡು ಬೇಕು. 300 ಜನ ಕುಳಿತರೆ ಅವರ ಮೈ, ಬಟ್ಟೆಗಳೇ ಶಬ್ದವನ್ನು ಹೀರಿಕೊಂಡು ಅದು ಎರಡೂವರೆ ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳಲು ಅದು 1 ಸೆಕೆಂಡಿನ ಹತ್ತಿರ, ಹೆಚ್ಚೆಂದರೆ ಒಂದೂವರೆ ಇರಬೇಕು. ಇಲ್ಲದಿದ್ದರೆ ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬೀಳುತ್ತದೆ. ವಚನದಂಥ ಅಡಕವಾದ ಮಾತಿನಲ್ಲಿ ಒಂದು ಪದ ತಪ್ಪಿದರೂ ಅರ್ಥವೇ ಹೋಯಿತು.

ಆಗ ನಾವು ಮಾಡುವುದೇನು? ವಾಲ್ಯೂಮ್ ಏರಿಸುತ್ತೇವೆ. ಇದರಿಂದ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ, ಸ್ಪಷ್ಟತೆ ಬರುವುದಿಲ್ಲ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿನ ಅಜ್ಜಿ ಪಕ್ಕದವರನ್ನು ‘ಅಪ್ಪಾವ್ರು ಏನಂದ್ರು?’ ಎಂದು ಕೇಳುತ್ತಾಳೆ. ನಾನು ಹೇಳಿದ ಅಳತೆಯ ಭವನಕ್ಕೆ ಹಿಂಬದಿಯ ಗೋಡೆ ಪೂರ್ತಿ, ಅಕ್ಕಪಕ್ಕದ ಗೋಡೆಗಳ ಮೇಲ್ಭಾಗ ಒಂದೂವರೆ ಮೀಟರ್, ಒಟ್ಟು 180 ಚದರ ಮೀಟರಿನಷ್ಟು ಶಬ್ದ ಹೀರುವ ಹಲಗೆ ಹೊದಿಸಿದರೆ ಲೆಕ್ಕ ಒಂದೂವರೆ ಸೆಕೆಂಡಿಗೆ ಬರುತ್ತದೆ. ಅಷ್ಟು ಹಣವಿಲ್ಲದ ಮಠಗಳು ನೆರಿಗೆ ಬಿಟ್ಟ ದಪ್ಪ ಪರದೆ, ನೆಲಕ್ಕೆ ಜಮಖಾನ ಹಾಕಿದರೂ ಎಷ್ಟೋ ಸುಧಾರಿಸುತ್ತದೆ. ಸ್ಪೀಕರುಗಳ ವಿಷಯವೂ ಇಷ್ಟೇ. ವೇದಿಕೆಯ ಎರಡು ಬದಿ ಆಳೆತ್ತರದ ಪೆಟ್ಟಿಗೆಗಳನ್ನು ಪೇರಿಸುವ ಬದಲು ಗೋಡೆಗುಂಟ ಸಣ್ಣ ಸ್ಪೀಕರುಗಳನ್ನು ಸಾಲಾಗಿ ಹಾಕಿ, ಮೆಲ್ಲಗೆ ನುಡಿಸಬೇಕು. ದೊಡ್ಡ ಪೆಂಡಾಲಿನಲ್ಲಿ 50 ಮೀಟರ್ ಆಚೆ ಇನ್ನೊಂದು ಜೋಡಿ ಇಡುವುದಾದರೆ, ವೇದಿಕೆಯ ಶಬ್ದ ಅಲ್ಲಿಗೆ ತಲುಪಲು ಸುಮಾರು 0.15 ಸೆಕೆಂಡು ಹಿಡಿಯುತ್ತದೆ. ಅಷ್ಟು ತಡಮಾಡಿ ಆ ಜೋಡಿಯನ್ನು ನುಡಿಸದಿದ್ದರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಈಗಿನ ಡಿಜಿಟಲ್ ಮಿಕ್ಸರಿನಲ್ಲಿ ಇದು ಒಂದು ಗುಂಡಿಯ ಕೆಲಸ, ಆದರೆ ಆ ಗುಂಡಿ ಗೊತ್ತಿರುವವರು ಬೇಕು. ಪ್ರತಿ ವರ್ಷ ಬಾಡಿಗೆ ಸೆಟ್ಟಿನ ಹುಡುಗನನ್ನು ನಂಬುವ ಬದಲು ಊರಿನ ಇಬ್ಬರು ಯುವಕ ಯುವತಿಯರಿಗೆ ಇದನ್ನು ಕಾಯಕವಾಗಿ ಕಲಿಸಿ.

ಶ್ರಾವಣವೆಂದರೆ ಮಳೆಗಾಲ, ಒದ್ದೆ ನೆಲ, ತಗಡಿನ ಪೆಂಡಾಲು, ಕಬ್ಬಿಣದ ಕಂಬ. ಮೈಕಿಗೂ ದೀಪಕ್ಕೂ ಹೋಗುವ ಪ್ರತಿ ಸರ್ಕೀಟಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಪೆಂಡಾಲಿಗೂ ಜನರೇಟರಿಗೂ ಸರಿಯಾದ ಅರ್ಥಿಂಗ್ ಇರಲೇಬೇಕು. ಇದರಲ್ಲಿ ಚೌಕಾಸಿ ಬೇಡ.

ನೆರೆಹೊರೆಯ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಹೀಗಿದ್ದೂ ನಸುಕಿನ 5 ಗಂಟೆಗೇ ಮಠದ ಮೇಲಿನ ಹಾರ್ನಿನಿಂದ ವಚನ ಹಾಡಿಸುವ ಊರುಗಳಿವೆ. ಬೇರೆಯವರೂ ಹಾಕುತ್ತಾರಲ್ಲ ಎಂಬುದು ಸಮಾಧಾನವಾಗದು. ಬಾಣಂತಿಯ, ರೋಗಿಯ, ಪರೀಕ್ಷೆಗೆ ಓದುವ ಮಗುವಿನ ನಿದ್ದೆ ಕೆಡಿಸಿ ವಚನ ಕೇಳಿಸುವುದರಲ್ಲಿ ದಯೆ ಎಲ್ಲಿದೆ? ಆ ಹಾರ್ನುಗಳನ್ನು ಇಳಿಸಬೇಕು.

ಇನ್ನು ಕ್ಯಾಮೆರಾ. ಹಾಸಿಗೆ ಹಿಡಿದ ಹಿರಿಯರಿಗೆ, ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುವ ಮಕ್ಕಳಿಗೆ ನೇರಪ್ರಸಾರ ನಿಜಕ್ಕೂ ಉಪಕಾರಿ. ಅವರಿಗೆ ಒಂದು ಸ್ಥಿರ ಕ್ಯಾಮೆರಾ, ಮಿಕ್ಸರಿನಿಂದ ನೇರವಾಗಿ ಎಳೆದ ಶುದ್ಧ ಧ್ವನಿ ಸಾಕು. ನಾಲ್ಕಾರು ಕ್ಯಾಮೆರಾ ಬಂದ ಕಡೆ ಅವುಗಳಿಗೆ ತೋರಿಸಲು ಏನಾದರೂ ಬೇಕಾಗುತ್ತದೆ. ಆಗ ಪಾದಪೂಜೆ ಉದ್ದವಾಗುತ್ತದೆ, ಪಲ್ಲಕ್ಕಿ, ಪುಷ್ಪವೃಷ್ಟಿ, ತುಲಾಭಾರ, ಗಣ್ಯರ ಸನ್ಮಾನ ಬರುತ್ತವೆ, ಪ್ರವಚನಕ್ಕೆ ಉಳಿದ ಸಮಯ ಸಿಗುತ್ತದೆ. ಸುಧಾರಣೆಯ ಮಾತಾಡುವ ನಾವು ಬಾಗಿಲಿನಿಂದ ಕಳಿಸಿದ್ದನ್ನು ಲೆನ್ಸಿನ ಮೂಲಕ ಒಳಕ್ಕೆ ಕರೆಯುತ್ತಿದ್ದೇವೆ. ಲಿಂಗದೀಕ್ಷೆಯನ್ನೂ ವಿಡಿಯೊ ಕರೆಯಲ್ಲೇ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಇದಕ್ಕೆ ಉತ್ತರ ಒಂದೇ: ಹಸ್ತಮಸ್ತಕ ಸಂಯೋಗಕ್ಕೆ ಗುರುವಿನ ಕೈ ಬೇಕು.

ಪರದೆ ತಂದೇ ತರುತ್ತೇವೆ ಎನ್ನುವವರು ಅದರ ಮೇಲೆ ವಚನದ ಪಠ್ಯ ಹಾಕಲಿ, ಸಭೆಯೆಲ್ಲ ಕೂಡಿ ಓದಲಿ. 30 ಮೀಟರ್ ದೂರದ ಹಿರಿಯರಿಗೆ ಒತ್ತಕ್ಷರವೂ ಕಾಣಬೇಕಾದರೆ ಅಕ್ಷರ 15 ಸೆಂಟಿಮೀಟರಾದರೂ ಎತ್ತರವಿರಲಿ, ಹಿನ್ನೆಲೆಯಲ್ಲಿ ಹೂವು, ನವಿಲು, ಉದಯಸೂರ್ಯ ಬೇಡ. ಪಠ್ಯವನ್ನು ವಾಟ್ಸ್ಯಾಪಿನಿಂದ ಎತ್ತಬೇಡಿ. ಯಾರದೋ ಸಾಲಿಗೆ ಬಸವಣ್ಣನವರ ಅಂಕಿತ ಅಂಟಿಸಿದ ‘ವಚನ’ಗಳು ಅಲ್ಲಿ ಬೇಕಾದಷ್ಟಿವೆ. ಕರ್ನಾಟಕ ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಂಪುಟವಿದೆ, ಪದ ಹಾಕಿ ಹುಡುಕಲು ‘ವಚನ ಸಂಚಯ’ ಜಾಲತಾಣವಿದೆ. ಒಂದು ವಚನ ತಾಳೆ ನೋಡಲು ಐದು ನಿಮಿಷವೂ ಬೇಡ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಮೈಕು ಯಾರ ಕೈಯಲ್ಲಿದೆ ಎಂಬುದು. ಅಲ್ಲಮಪ್ರಭುಗಳು ಅಧ್ಯಕ್ಷರಾಗಿದ್ದ ಅನುಭವ ಮಂಟಪದಲ್ಲಿ ಪ್ರಶ್ನೆಯಿತ್ತು, ಮರುಪ್ರಶ್ನೆಯಿತ್ತು. ಕಾಯಕದ ಜನ, ಶರಣೆಯರು ಎದ್ದು ಮಾತಾಡಿದರು. ಅದರ ಹೆಸರನ್ನೇ ಇಟ್ಟ ನಮ್ಮ ಭವನಗಳಲ್ಲಿ ಮೈಕು ವೇದಿಕೆಯಿಂದ ಕೆಳಗೆ ಇಳಿಯುವುದೇ ಇಲ್ಲ. ಎರಡು ತಂತಿರಹಿತ ಮೈಕು ಕೊಳ್ಳಿ, ಒಂದನ್ನು ಹೆಣ್ಣುಮಕ್ಕಳು ಕೂರುವ ಕಡೆ ಕೊಡಿ. ಪ್ರವಚನದ ಕೊನೆಯ 20 ನಿಮಿಷ ಕೇಳುಗರದಾಗಲಿ. ಎದ್ದು ಮಾತಾಡಲು ಅಳುಕುವವರು ಚೀಟಿಯಲ್ಲಿ ಬರೆದು ಕೊಡಲಿ. ಪೂಜ್ಯರನ್ನು ಪ್ರಶ್ನಿಸಿದಂತಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಹೌದು, ಆಗಬೇಕಾದದ್ದು ಅದೇ.

ಪರದೆಗೆ ಮುಂಗಡ ಕೊಡುವ ಮೊದಲು ಸಮಿತಿಯವರು ಒಂದು ಸಂಜೆ ಸಭಾಭವನದಲ್ಲಿ ಸೇರಲಿ, ಊರಿನವರನ್ನೂ ಕರೆಯಲಿ. ಒಬ್ಬರು ವೇದಿಕೆಯ ಮೈಕಿನಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ 20 ಪದಗಳನ್ನು ಎಂದಿನ ವೇಗದಲ್ಲಿ ಓದಲಿ. ಕೊನೆಯ ಸಾಲಿನಲ್ಲಿ ಐದಾರು ಹಿರಿಯರನ್ನು ಕೂರಿಸಿ, ಕೇಳಿದ್ದನ್ನು ಬರೆದುಕೊಳ್ಳಲು ಹೇಳಿ. ಬರೆಯಲು ಬಾರದವರು ಪಕ್ಕದವರ ಕಿವಿಯಲ್ಲಿ ಹೇಳಿ ಬರೆಸಲಿ. 20ರಲ್ಲಿ 18 ಸರಿ ಬಂದರೆ ಪರದೆಯ ಮಾತು ಮುಂದುವರಿಯಲಿ. ಬರದಿದ್ದರೆ ಆ ಹಣ ಈ ವರ್ಷ ಗೋಡೆಗೆ ಹೋಗಲಿ.