ನಾಯಿ ರೂಲ್ಸ್ ಬರೆಯೋ ಮೊದಲು ಹೊಂಗಡಹಳ್ಳವನ್ನೂ ಕೇಳಿ

ನಾಯಿ ವಿಷಯ ಬಂದರೆ ಯಾವ ಕಾಲೇಜಲ್ಲೂ ಎರಡು ಪಾರ್ಟಿ. ಒಂದು ಬಿಸ್ಕತ್ತು ಹಾಕೋ ಪಾರ್ಟಿ, ಇನ್ನೊಂದು ದೂರದಿಂದ ಸುತ್ತಿ ಹೋಗೋ ಪಾರ್ಟಿ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು: ಶಾಲೆ-ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು. ಎರಡೂ ಪಾರ್ಟಿಯ ಜಗಳ ಇನ್ನೂ ಜೋರಾಯಿತು. ನಮ್ಮ ಪ್ರಶ್ನೆ ಬೇರೆ. ಇಂಥದ್ದನ್ನು ಜಾರಿ ಮಾಡಬೇಕಾದ ಸ್ಥಳೀಯ ಸಂಸ್ಥೆಗಳು ಯಾರನ್ನು ಕೇಳಿ ನಿಯಮ ಮಾಡುತ್ತವೆ?

ಜನರನ್ನು ಸರಿಯಾಗಿ ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರು ಉದಾಹರಣೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು ಅಂತ ಬೈಲಾ ತಂದಿತು. ವಿರೋಧ ಎದ್ದ ಮೇಲೆ ತಡೆಹಿಡಿಯಬೇಕಾಯಿತು. ಬೆಂಗಳೂರಿನವರ ಕೂಗು ಕೇಳಿಸುತ್ತೆ. ಹೊಂಗಡಹಳ್ಳದ್ದು?

ಸಕಲೇಶಪುರ ತಾಲ್ಲೂಕಿನ ಈ ಕಡೆ ಮನೆಗಳು ಕಾಫಿ ತೋಟಗಳ ನಡುವೆ ಚದುರಿರುತ್ತವೆ. ಇಲ್ಲಿನ ಎಷ್ಟೋ ನಾಯಿಗಳಿಗೆ ಮನೆ ಇದೆ, ಸರಪಳಿ ಇಲ್ಲ. ರಾತ್ರಿ ತೋಟ ಕಾಯುತ್ತೆ, ಹಗಲು ರಸ್ತೆಯಲ್ಲಿ ಅಡ್ಡಾಡುತ್ತೆ. ಕೇಂದ್ರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿ ಮಾಲೀಕರ ಜವಾಬ್ದಾರಿ, ಬೀದಿನಾಯಿ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಈ ನಾಯಿ ಯಾವ ಕಾಲಂಗೆ ಸೇರುತ್ತೆ? ಹಿಡಿಯೋಕೆ ಹೋದರೆ ಅದಕ್ಕೆ ಮಾಲೀಕ ಇರ್ತಾನೆ, ಯಾರಿಗಾದರೂ ಕಚ್ಚಿದರೆ ಮಾಲೀಕ ನಾಪತ್ತೆ!

ಕಚ್ಚಿಸಿಕೊಳ್ಳೋದು ಯಾರು? ಕಾರಲ್ಲಿ ಹೋಗೋರಲ್ಲ. ಬೆಳಗ್ಗೆ ನಡೆದು ಕೆಲಸಕ್ಕೆ ಹೋಗೋ ಕಾರ್ಮಿಕರು, ಬಸ್ಸಿಗೆ ನಡೆಯೋ ಮಕ್ಕಳು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಕಚ್ಚಿದ ಕೂಡಲೇ ಸೋಪು ಹಾಕಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು. ಜೋರು ಮಳೆಗಾಲದಲ್ಲಿ, ದಿನಗೂಲಿ ಬಿಟ್ಟು, ಹೇಳಿದ ದಿನಕ್ಕೆ ಸರಿಯಾಗಿ ಪ್ರತಿ ಡೋಸ್‌ಗೂ ಆಸ್ಪತ್ರೆಗೆ ಹೋಗೋದು ಸುಲಭವಲ್ಲ.

'ಜನ ಸಾಯ್ತಿರುವಾಗ ಸಭೆ ಮಾಡ್ತಾ ಕೂರೋದಾ?' ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ನಾಯಿಗಳಿಗೆ ಲಸಿಕೆ ಹಾಕೋಕೆ ಯಾವ ಸಭೆಗೂ ಕಾಯಬೇಕಿಲ್ಲ ಅನ್ನುತ್ತೇವೆ. ಒಂದು ಪ್ರದೇಶದ 70% ನಾಯಿಗಳಿಗೆ ಲಸಿಕೆ ಆದರೆ ರೇಬಿಸ್ ಹರಡುವ ಸರಪಳಿ ಮುರಿಯುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಲಸಿಕೆಗೆ ಸಾಕಿದ್ದೋ ಬೀದಿಯದ್ದೋ ಅನ್ನೋ ಭೇದ ಬೇಡ. ಆದರೆ ಯಾವಾಗ ಕಟ್ಟಬೇಕು, ಎಲ್ಲಿ ಊಟ ಹಾಕಬೇಕು, ಯಾವ ನಾಯಿಯನ್ನು ಹಿಡಿಯಬೇಕು ಅನ್ನೋದನ್ನು ಅಲ್ಲಿ ನಡೆದಾಡುವವರನ್ನು ಕೇಳಿಯೇ ತೀರ್ಮಾನಿಸಬೇಕು.

ಕೇಳೋಕೆ ಗ್ರಾಮಸಭೆ ಇದೆ, ಮಕ್ಕಳ ಗ್ರಾಮಸಭೆಯೂ ಇದೆ. ಯಾವ ತಿರುವಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತೆ ಅನ್ನೋದು ಮಕ್ಕಳಿಗಿಂತ ಚೆನ್ನಾಗಿ ಪಿಡಿಒಗೆ ಗೊತ್ತಿರಲ್ಲ. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಅವರ ಲೈನ್‌ಮನೆ ಹತ್ತಿರ ಹೋಗಿಯೇ ಕೇಳಬೇಕು.

ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿದೆ. ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನಾವೂ ಗ್ರಾಮಸಭೆಯ ಸದಸ್ಯರೇ. ಸೆಮಿಸ್ಟರ್ ರಜೆಯಲ್ಲಿ ಸಭೆ ನಡೆದರೆ ಹೋಗೋಣ. 'ನಮ್ಮೂರ ನಾಯಿಗಳಿಗೆ ಈ ವರ್ಷ ಲಸಿಕೆ ಯಾವಾಗ?' ಅಂತ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ. ಕ್ಯಾಂಟೀನ್ ಜಗಳ ಆಮೇಲೆ ಮುಂದುವರಿಸಬಹುದು.